ಊರುಗೋಲಿನ ಕದಿರಪ್ಪ ಕುಡುಕನಾಗಿರಲಿಲ್ಲ

ಕದಿರಪ್ಪನವರ ಕಡತದಲ್ಲಿ ‘ಮದ್ಯವ್ಯಸನಿ’ ಎಂಬ ಪದವನ್ನು ಬರೆದವರು ಅವರನ್ನು ಪರೀಕ್ಷಿಸಿರಲಿಲ್ಲ. ಮೈ ಮುಟ್ಟಲಿಲ್ಲ, ನಡೆಸಿ ನೋಡಲಿಲ್ಲ, ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಬಿಡಿಸಿ ಓದಲಿಲ್ಲ. ಬಾಗಿಲಿನಿಂದ ಮೇಜಿನವರೆಗೆ ತೂರಾಡುತ್ತ ಬಂದ ಮುದುಕನೊಬ್ಬನನ್ನು ಕಂಡರು, ವಿಳಾಸದ ಸಾಲಿನಲ್ಲಿ ಕೆಜಿಎಫ್ ಎಂದಿರುವುದನ್ನು ಕಂಡರು, ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿಯನ್ನು ತಿರಸ್ಕರಿಸಿದರು. ಇದನ್ನು ಅಜಾಗರೂಕತೆ ಎಂದು ಕರೆದು ಕ್ಷಮಿಸಲು ನಾನು ಸಿದ್ಧಳಿಲ್ಲ. ಅಜಾಗರೂಕತೆ ಆಗೊಮ್ಮೆ ಈಗೊಮ್ಮೆ ಸಂಭವಿಸುತ್ತದೆ. ಗಣಿ ಕಾರ್ಮಿಕರ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ, ಬಂದವನ ಕಾಲು ತಪ್ಪಿದರೆ ಅವನು ಕುಡಿದಿದ್ದಾನೆ ಎಂಬ ತೀರ್ಪು ನಮ್ಮಲ್ಲಿ ಎರಡು ತಲೆಮಾರಿನಿಂದ ನಡೆದುಬಂದಿದೆ. ನಾನು ಯಾರನ್ನು ದೂರುತ್ತಿದ್ದೇನೋ ಆ ಅಧಿಕಾರಿಗಳಿಗೆ ಅದು ಗೊತ್ತಿದೆ. ತಾವು ಯಾರ ಬಗ್ಗೆ ಆ ಪದವನ್ನು ಬರೆದೆವು ಎಂಬುದು ಮಾತ್ರ ಗೊತ್ತಿಲ್ಲ. ಅದನ್ನು ತಿಳಿಸುವುದು ನನ್ನ ಕೆಲಸ.

ಕದಿರಪ್ಪ ಮನುಷ್ಯರನ್ನು ಪಾದದಿಂದ ಮೇಲಕ್ಕೆ ಓದುತ್ತಿದ್ದರು. ಮುಖ ನೋಡುವುದು ಕೊನೆಗೆ, ಅದೂ ತೋಚಿದರೆ. ಬಂಗಾರಪೇಟೆ ರೈಲು ನಿಲ್ದಾಣದ ಹೊರಗೆ, ಮಾರಿಕುಪ್ಪಂ ಕಡೆಯ ಗಾಡಿಯಿಂದ ಇಳಿದ ಜನ ರಸ್ತೆಗೆ ಬೀಳುವ ತಿರುವಿನಲ್ಲಿ, ಗೋಡೆಗೊರಗಿಸಿದ ತಗಡಿನ ಮಾಡಿನ ಕೆಳಗೆ ಅವರ ಅಂಗಡಿ. ಒಂದು ಉಳಿ, ಒಂದು ಅರ, ಒಂದು ಸುತ್ತಿಗೆ, ಹಿತ್ತಾಳೆಯ ನಸ್ಯದ ಡಬ್ಬಿ. ಭೂಮಿಯೊಳಗೆ ಚಾವಣಿಗೆ ಆಸರೆ ನಿಂತಿದ್ದ ಹಳೆಯ ಮರದ ಕಂಬಗಳನ್ನು ಗುಜರಿಯಿಂದ ತಂದು, ಸೀಳಿ, ನಯಮಾಡಿ ಊರುಗೋಲು ಮಾಡುತ್ತಿದ್ದರು. ಆದರೆ ಅಂಗಡಿಯಲ್ಲಿ ಮಾಡಿಟ್ಟ ಕೋಲು ಒಂದೂ ಇರುತ್ತಿರಲಿಲ್ಲ. ಬಂದವರಿಗೆ ಅವರ ಮೊದಲ ಮಾತು ಒಂದೇ: “ನಡ್ದು ತೋರ್ಸು.”

ಒಮ್ಮೆ ಬಜಾರಿನ ವರ್ತಕರೊಬ್ಬರು ಕಾರು ನಿಲ್ಲಿಸಿ, ಮನೆಯ ಹಿರಿಯರಿಗೆ ಉಡುಗೊರೆ ಕೊಡಲು ಒಳ್ಳೆಯ ಕೋಲು ನಾಲ್ಕು ಬೇಕೆಂದರು.

“ನಡೆಯೋರು ಎಲ್ಲವ್ರೆ?” ಎಂದರು ಕದಿರಪ್ಪ, ಉಳಿಯಿಂದ ಕಣ್ಣೆತ್ತದೆ.

“ಮನೆಯಲ್ಲಿದ್ದಾರೆ.”

“ಅವ್ರು ಬರ್ಲಿ. ನೀನು ಕನ್ನಡಕ ಕೊಳ್ಳೋವಾಗ ನನ್ನ ಕಣ್ಣು ತೋರ್ಸಿ ತಕ್ಕೊಂಡೋಯ್ತೀಯಾ ಸೋಮಿ?”

ವರ್ತಕರು ಕೋಪದಿಂದ ಹೊರಟುಹೋದರು. ಕದಿರಪ್ಪ ಎರಡು ಬೆರಳಿನಲ್ಲಿ ನಸ್ಯ ಹಿಡಿದು, ಮೂಗಿಗೆ ಏರಿಸಿ, ಏನೂ ನಡೆದಿಲ್ಲವೆಂಬಂತೆ ಸೀನಿದರು. ವಿನಯ ಅವರ ಗುಣಗಳಲ್ಲಿ ಒಂದಾಗಿರಲಿಲ್ಲ. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ ಅವರೊಡನೆ ಸಂಸಾರ ಮಾಡಿದ ಸೆಲ್ವಿಯಮ್ಮ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, “ಊರೋರ ನಡಿಗೆಯೆಲ್ಲಾ ಪಾಕ್ತಾನೆ, ನೋಡ್ತಾನೆ, ಮನೆಗೆ ನಡ್ಕೊಂಡ್ ಬರೋಕೆ ಮಾತ್ರ ಈ ಮನುಷನ್ಗೆ ದಾರಿ ಸಿಗಲ್ಲ” ಎಂದು ನೆರೆಯವರ ಮುಂದೆ ದೂರುತ್ತಿದ್ದರು.

ಊರುಗೋಲಿಗೆ ಮೊದಲು ಅವರ ಕೈಯಲ್ಲಿದ್ದದ್ದು ಗಂಟೆ. ಗಣಿ ನಡೆಯುತ್ತಿದ್ದಷ್ಟು ಕಾಲ ಅವರು ಗಣಿಬಾವಿಯ ಬಾಯಲ್ಲಿ ನಿಂತು, ಜನರನ್ನು ಇಳಿಸುವ ಏರಿಸುವ ಕಬ್ಬಿಣದ ಪಂಜರಕ್ಕೆ, ಅಂದರೆ ಕೇಜಿಗೆ, ಸಂಜ್ಞೆಯ ಗಂಟೆ ಬಾರಿಸುವವರಾಗಿದ್ದರು. ಒಂದು ಬಡಿದರೆ ನಿಲ್ಲಿಸು. ಎರಡಕ್ಕೆ ಇಳಿಸು. ಮೂರಕ್ಕೆ, ಒಳಗೆ ಮನುಷ್ಯರಿದ್ದಾರೆ, ಜೋಪಾನ. ದೂರದ ಇಂಜಿನ್ ಮನೆಯಲ್ಲಿ ಕುಳಿತ ಚಾಲಕನಿಗೆ ಬಾವಿಯೂ ಕಾಣುವುದಿಲ್ಲ, ಜನರೂ ಕಾಣುವುದಿಲ್ಲ, ಗಂಟೆಯೊಂದೇ ಆಧಾರ. ಆದ್ದರಿಂದ ಒಂದು ಕಟ್ಟುನಿಟ್ಟು ಇತ್ತು: ಚಾಲಕ ತಾನು ಕೇಳಿಸಿಕೊಂಡಷ್ಟೇ ಗಂಟೆಯನ್ನು ತಿರುಗಿ ಬಾರಿಸಬೇಕು. ಆ ಮರುಗಂಟೆ ಬರುವವರೆಗೆ ಕೇಜು ಅಲುಗಾಡುವಂತಿಲ್ಲ. ಆ ಕೆಲಸದಲ್ಲಿ ಬಾಯಿಂದ ಹೆಂಡದ ವಾಸನೆ ಬಂದವನಿಗೆ ಮರುದಿನ ಕೆಲಸವಿರುತ್ತಿರಲಿಲ್ಲ. ಕದಿರಪ್ಪ ಜೀವಮಾನದಲ್ಲಿ ಕುಡಿದವರಲ್ಲ. “ಒಂದ್ ಕೇಜು ಜನ ನನ್ ಬೆರಳಿಗೆ ನೇತಾಕ್ಕೊಂಡಿರ್ತಿದ್ರು. ಆ ಬೆರಳಿಗೆ ನಸ್ಯ ಸಾಕು” ಎನ್ನುತ್ತಿದ್ದರು. ಗಣಿ ಮುಚ್ಚಿದ ಮೇಲೂ ಮರುಗಂಟೆಯ ಅಭ್ಯಾಸ ಅವರನ್ನು ಬಿಡಲಿಲ್ಲ. ಗಿರಾಕಿ ಹೇಳಿದ್ದನ್ನೆಲ್ಲ ತಿರುಗಿ ಹೇಳಿ, ಹೌದೆನ್ನಿಸಿಕೊಂಡ ಮೇಲೆಯೇ ಉಳಿ ಮುಟ್ಟುತ್ತಿದ್ದರು: “ಬಲಗೈಗೆ. ಮನೆ ಮುಂದೆ ಮೂರು ಮೆಟ್ಲು. ಕಕ್ಕಸು ಆಚೆಗೈತೆ. ಸರಿನಾ?”

ಅವರನ್ನು ನಾನು ಮೊದಲು ಕಂಡಾಗ ನನಗೆ ಹತ್ತು ವರ್ಷ. ನಾವು ನಂದಿದುರ್ಗದ ಲೈನಿನವರು. ಅಪ್ಪ ಭೂಮಿಯೊಳಗಿನ ಕೆಲಸಗಾರ. ಗಣಿ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಚಾವಣಿಯಿಂದ ಸಿಡಿದ ಕಲ್ಲೊಂದು ಅವನ ಹೆಲ್ಮೆಟ್ಟಿನ ಅಂಚಿನ ಕೆಳಗೆ, ಹಿಂದಲೆಗೆ ಬಡಿದಿತ್ತು. ಗಾಯ ಒಣಗಿತು, ಹೊಲಿಗೆ ಬಿಚ್ಚಿದರು, ಗಣಿ ಮುಚ್ಚಿತು. ಆಮೇಲೆ ಅಪ್ಪ ಕಾಲಗಲಿಸಿ ನಡೆಯತೊಡಗಿದ, ಮಾತು ಎಳೆಯತೊಡಗಿತು, ಲೋಟ ಬಾಯಿಯ ಪಕ್ಕಕ್ಕೆ ಹೋಗತೊಡಗಿತು. ಕೆಲಸ ಹೋದ ಚಿಂತೆಗೆ ಕದ್ದು ಕುಡಿಯುತ್ತಾನೆ ಎಂದು ಲೈನು ತೀರ್ಮಾನಿಸಿತು. ಅಮ್ಮ ಪ್ರತಿದಿನ ಅವನ ನೆತ್ತಿಗೆ ನಿಂಬೆಹಣ್ಣು ತಿಕ್ಕಿ, ಹುಳಿ ಮಜ್ಜಿಗೆ ಕುಡಿಸಿ ಅಮಲು ಇಳಿಸುತ್ತಿದ್ದಳು. ಇಲ್ಲದ ಅಮಲನ್ನು ವರ್ಷಗಟ್ಟಲೆ ಇಳಿಸಿದಳು. ನಾನೂ ನಂಬಿದ್ದೆ. ಮಧ್ಯಾಹ್ನ ಅವನು ಮಲಗಿದಾಗ ಬಾಯಿಯ ಹತ್ತಿರ ಮೂಗಿಟ್ಟು ಮೂಸುತ್ತಿದ್ದೆ. ವಾಸನೆ ಇರುತ್ತಿರಲಿಲ್ಲ. ವಾಸನೆ ಬಾರದ ಸಾರಾಯಿಯೂ ಇರಬೇಕು ಎಂದುಕೊಂಡೆ. ಅಪ್ಪನನ್ನು ನಂಬುವುದಕ್ಕಿಂತ ಅಂಥ ಸಾರಾಯಿಯನ್ನು ನಂಬುವುದು ನನಗೆ ಸುಲಭವಾಗಿತ್ತು.

ಆ ದಿನ ಬಂಗಾರಪೇಟೆಯಲ್ಲಿ ಗಾಡಿಯಿಂದ ಇಳಿದವಳು, ಹಿಂದೆ ತೂರಾಡುತ್ತ ಬರುವವನು ನನ್ನ ಅಪ್ಪನೆಂದು ಯಾರಿಗೂ ತಿಳಿಯದಿರಲೆಂದು ಬೇಗಬೇಗನೆ ಮುಂದೆ ನಡೆಯುತ್ತಿದ್ದೆ. ತಗಡಿನ ಮಾಡಿನ ಕೆಳಗಿನಿಂದ ಒಂದು ದನಿ ಬಂತು.

“ಏ ಅಮ್ಮಣ್ಣಿ, ನಿಮ್ಮಪ್ಪನ್ನ ಬುಟ್ಟು ಎಲ್ಲಿಗೋಯ್ತಿದ್ದೀಯ?”

“ಅವ್ರು ಕುಡ್ದವ್ರೆ” ಎಂದೆ.

“ಯಾರೇಳಿದ್ದು?”

“ಎಲ್ರೂ.”

“ಎಲ್ರೂ ಅಂದ್ರೆ, ನೋಡ್ದೋರಾ, ಮಾತಾಡ್ದೋರಾ?”

ಅಷ್ಟರಲ್ಲಿ ಅಪ್ಪ ಅಲ್ಲಿಗೆ ಬಂದು ಮುಟ್ಟಿದ. ಅವರು ಅಪ್ಪನನ್ನು ಕೂರಿಸಿ, ತಮ್ಮ ಬೆರಳನ್ನು ಅವನ ಮುಂದೆ ಹಿಡಿದು, “ನಿನ್ ಮೂಗು ಮುಟ್ಟು, ಆಮ್ಯಾಕೆ ನನ್ ಬೆರಳು ಮುಟ್ಟು” ಎಂದರು. ತೊಡೆಯ ಮೇಲೆ ನಿಶ್ಚಲವಾಗಿದ್ದ ಅಪ್ಪನ ಕೈ, ಗುರಿಯ ಹತ್ತಿರ ಬಂದಂತೆಲ್ಲ ನಡುಗಿ, ಮೂಗನ್ನು ದಾಟಿ ಕೆನ್ನೆಗೆ ತಗುಲಿತು. ಕದಿರಪ್ಪ ಎದ್ದು ಅವನ ಹಿಂದಲೆಯ ಕೂದಲು ಸರಿಸಿ ನೋಡಿದರು. ಹಳೆಯ ಹೊಲಿಗೆಯ ಗುರುತು ಅಲ್ಲಿತ್ತು.

“ಕುಡ್ದಿಲ್ಲ ಅಂತ ಮಗೀಗೆ ಯಾಕಪ್ಪಾ ಏಳ್ಲಿಲ್ಲ?”

“ಏಳ್ತಿದ್ದೆ. ಆಮ್ಯಾಕೆ ಬುಟ್ಬುಟ್ಟೆ” ಎಂದ ಅಪ್ಪ, ಎಳೆದ ಮಾತಿನಲ್ಲಿ. “ಕುಡ್ದೋರೂ ಅದ್ನೇ ತಾನೆ ಏಳೋದು.”

ಆಗ ಕದಿರಪ್ಪ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ನನಗೊಂದು ಚಿತ್ರ ಬರೆದು ತೋರಿಸಿದರು. “ತಲೇನೂ ನಮ್ ಗಣಿ ಇದ್ದಂಗೆ ಅಮ್ಮಣ್ಣಿ. ಮ್ಯಾಲೆ ಇಂಜಿನ್ ಮನೆ. ಎಳೆಯೋ ಬಲ ಅಲ್ಲೈತೆ. ಎಡಗಡೆ ಇಂಜಿನ್ನು ಬಲಗಡೆ ಕೇಜು ಎಳೀತದೆ, ಬಲಗಡೇದು ಎಡಗಡೆ. ಇಂಜಿನ್ನು ಸುಟ್ಟೋದ್ರೆ ಮೈಯಾಗ ಅರ್ಧ ಬಿದ್ದೋಯ್ತದೆ. ಒಳಗಡೆ ನಡೂಮಧ್ಯದಾಗ ಗಂಟೆ ಒಡೆಯೋನು ಅವ್ನೆ. ಅವ್ನು ಮಲಗಿದ್ರೆ ಇಂಜಿನ್ನೂ ಚೆನ್ನಾಗೈತೆ, ಅಗ್ಗಾನೂ ಚೆನ್ನಾಗೈತೆ, ಕೇಜು ಮಾತ್ರ ಒರ್ಡಲ್ಲ. ಅವ್ನಿಗೆ ತಲೆ ಕೆಟ್ರೆ ಬ್ಯಾಡದಾಗ್ಲೂ ಒಡೀತಾನೆ, ಕೈಕಾಲು ತಂತಾನೆ ಕುಣೀತವೆ. ಇನ್ನ ಇಂದ್ಗಡೆ, ಇಲ್ಲಿ, ಆಳ ತೋರ್ಸೋ ಮುಳ್ಳೈತೆ. ಕೇಜು ಎಲ್ಲಿಗೆ ಬಂತು, ಇನ್ನೆಷ್ಟು ದೂರ, ಎಲ್ಲಿ ನಿಲ್ಲುಸ್ಬೇಕು, ಎಲ್ಲಾ ಆ ಮುಳ್ಳು ಏಳ್ಬೇಕು. ಅದು ಕೆಟ್ರೆ ಕೇಜು ಓಯ್ತದೆ, ಬತ್ತದೆ, ಆದ್ರೆ ಇಳಿಯೋ ಜಾಗದಾಗ ನಿಲ್ಲಲ್ಲ, ದಾಟೋಯ್ತದೆ. ನಿಮ್ಮಪ್ಪನ್ಗೆ ಕೆಟ್ಟಿರೋದು ಮುಳ್ಳು. ಬಾಟ್ಲಿಯಲ್ಲ.”

ಅವರ ಮಾತಿನಂತೆ ಅಪ್ಪನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ತಲೆಯ ಸ್ಕ್ಯಾನ್ ಚಿತ್ರದಲ್ಲಿ ಕಿರುಮೆದುಳಿನ ಮೇಲೆ ಹಳೆಯ ಗಾಯ ಸ್ಪಷ್ಟವಾಗಿ ಕಂಡಿತು. ಕದಿರಪ್ಪ ಅಪ್ಪನಿಗೆ ಬುಡದಲ್ಲಿ ಕಬ್ಬಿಣದ ಬಳೆ ತೊಡಿಸಿದ ಭಾರದ ಕೋಲು ಮಾಡಿಕೊಟ್ಟರು. ಕೈ ಅಲ್ಲಾಡಿದರೂ ಆ ಭಾರ ಕೋಲನ್ನು ನೆಲಕ್ಕೆ ಕಚ್ಚಿ ಹಿಡಿಯುತ್ತಿತ್ತು. ಆ ವಾರದಿಂದ ನಮ್ಮ ಮನೆಯಲ್ಲಿ ನಿಂಬೆಹಣ್ಣು ಚಿತ್ರಾನ್ನಕ್ಕೆ ಮಾತ್ರ ಬಳಕೆಯಾಯಿತು. ಅಮ್ಮ ಅಂದಿನಿಂದ ಅಪ್ಪನ ಲೋಟವನ್ನು, ಚೆಲ್ಲದಿರಲೆಂದು, ಅರ್ಧಕ್ಕೇ ತುಂಬಿಸಿ ಕೊಡತೊಡಗಿದಳು.

ಮುಂದೆ ವಿಶ್ವವಿದ್ಯಾಲಯದಲ್ಲಿ ನಾನು ಶರೀರಕ್ರಿಯಾಶಾಸ್ತ್ರ ಓದಿದೆ. ಮೆದುಳಿನ ಮೇಲ್ಪದರ, ಆಳದಲ್ಲಿರುವ ನರಗಂಟುಗಳು, ಹಿಂದಲೆಯ ಕಿರುಮೆದುಳು: ಪಠ್ಯಪುಸ್ತಕ ಪುಟಗಟ್ಟಲೆ ವಿವರಿಸಿದ್ದು ಬಂಗಾರಪೇಟೆಯ ನೆಲದ ಮೇಲಿನ ಆ ಸುಣ್ಣದ ಚಿತ್ರಕ್ಕಿಂತ ವಿಸ್ತಾರವಾಗಿತ್ತು, ವಿರುದ್ಧವಾಗಿರಲಿಲ್ಲ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. ಪೆಟ್ಟಾದವರನ್ನು ಮೇಲೆತ್ತಿದಾಗಲೆಲ್ಲ ಸ್ಟ್ರೆಚರಿನ ಹಿಂದೆ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಪಾಳಿ ಮುಗಿದ ಮೇಲೂ ವಾರ್ಡಿನಲ್ಲೇ ಕುಳಿತಿರುತ್ತಿದ್ದ ಈ ಮನುಷ್ಯನಿಗೆ ವಯಸ್ಸಾದ ವೈದ್ಯರೊಬ್ಬರು ಒಂದೊಂದು ಹಾಸಿಗೆಯ ಬಳಿಯೂ ನಿಂತು ತೋರಿಸಿಕೊಟ್ಟರಂತೆ. “ಅವ್ರು ಏಳಿದ್ದು ಇಷ್ಟೇ. ಕೈ ಸುಮ್ನಿದ್ದಾಗ ಆಡಿದ್ರೆ ಗಂಟೆ ಕೆಟ್ಟೈತೆ. ಕೆಲ್ಸಕ್ಕೆ ಎತ್ತಿದಾಗ ಆಡಿದ್ರೆ ಮುಳ್ಳು ಕೆಟ್ಟೈತೆ. ಉಳಿದಿದ್ದು ನೋಡ್ತಾ ನೋಡ್ತಾ ಬಂತು.”

ನೋಡುವುದು. ಅವರ ವಿದ್ಯೆಯೆಲ್ಲ ಆ ಒಂದು ಕ್ರಿಯಾಪದದಲ್ಲಿತ್ತು.

ಉರಿಗಾಂನಲ್ಲಿ ಹೂ ಮಾರುವ ಕನಕಮ್ಮನ ಪ್ರಸಂಗವನ್ನು ನಾನು ಕಣ್ಣಾರೆ ಕಂಡೆ. ಆಕೆಗೆ ಹೊಸಿಲು ಬಂದಕೂಡಲೇ ಪಾದಗಳು ನೆಲಕ್ಕೆ ಅಂಟಿಕೊಂಡು ನಿಂತುಬಿಡುತ್ತಿದ್ದವು. ಯಾರೋ ಕಾಲು ಕಟ್ಟಿಸಿದ್ದಾರೆ ಎಂದು ಮಕ್ಕಳು ಮಂತ್ರವಾದಿಗಳ ಮನೆ ಅಲೆದಿದ್ದರು. ಬಂಗಾರಪೇಟೆಗೆ ಕರೆತಂದ ದಿನವೂ ರೈಲು ನಿಲ್ದಾಣದ ಬಾಗಿಲಲ್ಲಿ ಆಕೆ ನಿಂತುಬಿಟ್ಟರು. ಮಗ ತೋಳು ಹಿಡಿದು ಎಳೆಯುತ್ತಿದ್ದ, ಹಿಂದಿನ ಜನ ಗೊಣಗುತ್ತಿದ್ದರು.

“ಎಳೀಬ್ಯಾಡ ಕಣ್ಲಾ, ಬೀಳ್ತಾಳೆ” ಎಂದು ಕೂಗುತ್ತ ಕದಿರಪ್ಪ ಸುತ್ತಿಗೆ ಹಿಡಿದೇ ಹೋದರು. ಆಕೆಯ ಕೈ ಸುಮ್ಮನಿದ್ದರೂ ಬೆರಳು ಬೀಡಿ ಸುತ್ತುವಂತೆ ಆಡುತ್ತಿರುವುದನ್ನು ನೋಡಿದರು. ನಂತರ ಬಾಗಿಲ ಪಕ್ಕದ ಕಬ್ಬಿಣದ ಕಂಬಕ್ಕೆ ಸುತ್ತಿಗೆಯಿಂದ ಒಂದೇ ಅಳತೆಯಲ್ಲಿ ಬಡಿಯತೊಡಗಿದರು. ಮೂರನೆಯ ಬಡಿತಕ್ಕೆ ಕನಕಮ್ಮನ ಬಲಗಾಲು ಎದ್ದಿತು. ನಾಲ್ಕಕ್ಕೆ ಎಡಗಾಲು. ಆಕೆ ಬಡಿತದ ಮೇಲೆ ಕಾಲಿಟ್ಟು ನಡೆದು ರಸ್ತೆಗೆ ಬಂದರು. ಒಳಗಿನ ಗಂಟೆ ಬಾರಿಸದಿದ್ದರೆ ಹೊರಗಿನಿಂದ ಬಾರಿಸಿಕೊಡಬೇಕು, ಅಷ್ಟೇ ಎಂದರು ಕದಿರಪ್ಪ. ಇದಕ್ಕೆ ಮಾತ್ರೆ ಇದೆ, ನರದ ಡಾಕ್ಟರನ್ನು ಕಾಣಲೇಬೇಕು ಎಂದು ಮಗನಿಗೆ ಗದರಿ ಹೇಳಿದರು. ಕೋಲಿನ ಬುಡದಲ್ಲಿ ಅಡ್ಡಪಟ್ಟಿಯೊಂದನ್ನು ಜೋಡಿಸಿದರು: ದಾಟಲು ಕಣ್ಣಿಗೊಂದು ಗೆರೆ ಸಿಕ್ಕರೆ ಅಂಟಿದ ಕಾಲು ಏಳುತ್ತದೆ. ಹಿಡಿಯ ಕೆಳಗೆ ಚಿಕ್ಕದೊಂದು ಗಂಟೆ ಕಟ್ಟಿದರು.

“ನನ್ನ ದನ ಮಾಡ್ಬುಟ್ಟೆಯಲ್ಲೋ ಕದಿರಣ್ಣ” ಎಂದರು ಕನಕಮ್ಮ.

“ಮನೆ ತಂಕ ನಡ್ಕೊಂಡೋಗು. ಆಮ್ಯಾಕೆ ಬೈಯುವಂತೆ.”

ಕುಡಿದು ಕುಡಿದೇ ಹಿಂದಲೆಯ ಮುಳ್ಳು ಕೆಡಿಸಿಕೊಂಡವರೂ ಅವರ ಬಳಿಗೆ ಬರುತ್ತಿದ್ದರು. ಅಂಥವರಿಗೂ ಅದೇ ಭಾರದ ಕೋಲು, ಅದೇ ಶ್ರದ್ಧೆ. ನಾನು ಒಮ್ಮೆ ಮುಖ ಸಿಂಡರಿಸಿದ್ದಕ್ಕೆ, “ಅವ್ನು ಬೀಳೋದೂ ಇದೇ ನೆಲಕ್ಕೆ ತಾನೆ” ಎಂದರು. ಇದನ್ನು ಇಲ್ಲಿ ಬೇಕೆಂದೇ ದಾಖಲಿಸುತ್ತಿದ್ದೇನೆ. ಕುಡಿತದಿಂದಲೂ ಕಿರುಮೆದುಳು ಹಾಳಾಗುತ್ತದೆ. ಹಾಗೆ ಹಾಳಾದದ್ದೂ ವೈಕಲ್ಯವೇ. ಕದಿರಪ್ಪನವರ ವಿಷಯದಲ್ಲಿ ಅಧಿಕಾರಿಗಳು ಎರಡು ಬಾರಿ ತಪ್ಪಿದ್ದಾರೆ: ಕುಡಿಯದವನನ್ನು ಕುಡುಕನೆಂದು ಬರೆದದ್ದು ಒಂದು, ಕುಡುಕನಾದರೆ ಪರೀಕ್ಷೆಯೇ ಬೇಡವೆಂದು ಭಾವಿಸಿದ್ದು ಇನ್ನೊಂದು.

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಅವರ ನಸ್ಯ ಮೂಗಿಗೆ ಹೋಗುವ ಬದಲು ಮೀಸೆಗೆ ಹೋಯಿತು. ಎರಡನೆಯ ಚಿಟಿಕೆ ಕಿವಿಯ ಹತ್ತಿರ ಚೆಲ್ಲಿತು. ಮೂರನೆಯದನ್ನು ಅವರು ತೆಗೆದುಕೊಳ್ಳಲಿಲ್ಲ. ಡಬ್ಬಿ ಮುಚ್ಚಿಟ್ಟು, “ಸೆಲ್ವಿ, ಮುಳ್ಳು ಓಯ್ತು ಕಣೇ, ಆಸ್ಪತ್ರೆಗೆ ನಡಿ” ಎಂದರಂತೆ. ಕಿರುಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ ಎಂದು ವೈದ್ಯರು ಹೇಳುವ ಮೊದಲೇ ಅವರು ಜಾಗವನ್ನು ಬೆರಳಿಟ್ಟು ತೋರಿಸಿದ್ದರು. ಬೆರಳು ನಡುಗಿದರೂ ಜಾಗ ತಪ್ಪಿರಲಿಲ್ಲ. ಜೀವ ಉಳಿಯಿತು. ಉಳಿ ಹಿಡಿಯುವ ಕೈ ಉಳಿಯಲಿಲ್ಲ. ಅಪ್ಪ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ. ಅವನ ಭಾರದ ಕೋಲನ್ನು ನಾನೇ ಒಯ್ದು ಕೊಟ್ಟೆ. ಕದಿರಪ್ಪ ಅದನ್ನು ತಿರುಗಿಸಿ ನೋಡಿ, ತಮ್ಮದೇ ಕೆಲಸದಲ್ಲಿ ಒಂದು ತಪ್ಪು ಹುಡುಕಿದರು.

ಅಂಗವೈಕಲ್ಯ ಪ್ರಮಾಣಪತ್ರದ ಶಿಬಿರಕ್ಕೆ ಅವರನ್ನು ಕರೆದೊಯ್ದವಳು ನಾನು. ಶಾಲೆಯೊಂದರ ಸಭಾಂಗಣ. ಉದ್ದ ಮೇಜು, ಒಬ್ಬರು ವೈದ್ಯಾಧಿಕಾರಿ, ಇಬ್ಬರು ಗುಮಾಸ್ತರು. ಹೆಸರು ಕೂಗಿದರು. ಕದಿರಪ್ಪ ಕಾಲಗಲಿಸಿ, ಕೋಲೂರಿ, ಓಲಾಡುತ್ತ ಮೇಜಿನ ಬಳಿಗೆ ಬಂದರು.

“ಏನಜ್ಜಾ, ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದೀಯಾ?” ಎಂದರು ವೈದ್ಯಾಧಿಕಾರಿ.

“ಇಲ್ಲ ಸಾರ್. ಮೂಗು ಮುಟ್ಸಿ ನೋಡಿ. ಅಷ್ಟು ನೋಡಿದ್ರೆ ಸಾಕು.”

“ನೀನೇನು ಡಾಕ್ಟರಾ?”

“ಅಲ್ಲ ಸಾರ್. ಗಂಟೆ ಒಡೆಯೋನು.”

ಗುಮಾಸ್ತರು ನಕ್ಕರು. ಮುಂದಿನ ಹೆಸರನ್ನು ಕೂಗಿದರು. ನಾನು ಆಸ್ಪತ್ರೆಯ ಚೀಟಿಯನ್ನು ಮೇಜಿನ ಮೇಲಿಟ್ಟು ಓದಿ ಎಂದೆ. ಅದನ್ನು ನನ್ನ ಕಡೆಗೇ ಸರಿಸಿದರು. ಕದಿರಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. “ನಾನು ಗಂಟೆ ಕೊಟ್ಟೆ. ಅವ್ರು ತಿರ್ಗಿ ಕೊಡ್ಲಿಲ್ಲ. ತಿರ್ಗಿ ಕೊಡ್ದೆ ಕೇಜು ಎಳೆಯೋ ಇಂಜಿನ್ ಡ್ರೈವರ್ನ ನಾನು ಇದೇ ಮೊದ್ಲು ನೋಡಿದ್ದು” ಎಂದರು.

ಆಮೇಲೆ ನಾನು ಮೂರು ಮನವಿಗಳನ್ನು ಬರೆದೆ. ಯಾವುದಕ್ಕೂ ಉತ್ತರ ಬರಲಿಲ್ಲ. ಮಾಹಿತಿ ಹಕ್ಕಿನಡಿ ಕಡತದ ಪ್ರತಿ ಪಡೆದು, ಕಳೆದ ಚಳಿಗಾಲದಲ್ಲಿ ಚಾಂಪಿಯನ್ ರೀಫ್ಸ್‌ನ ಅವರ ಮನೆಗೆ ಹೋದೆ. ಗಣಿಯ ತ್ಯಾಜ್ಯದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದ ಕಡೆಯಿಂದ ದೂಳುಗಾಳಿ ಬೀಸುತ್ತಿತ್ತು. ಸೆಲ್ವಿಯಮ್ಮ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ್ದರು. ಕದಿರಪ್ಪ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು.

“ಓದು” ಎಂದರು.

ಓದಿದೆ. ಆ ಪದ ಬಂದಾಗ ನನ್ನ ದನಿ ಇಳಿಯಿತು. “ಇನ್ನೊಂದ್ಸಾರಿ” ಎಂದರು. ಮತ್ತೆ ಓದಿದೆ. ಅವರು ಆ ಪದವನ್ನು ತಿರುಗಿ ಹೇಳಿದರು, ಎಂದಿನಂತೆ, ಕೇಳಿದ್ದು ಸರಿಯೇ ಎಂದು ಖಚಿತಪಡಿಸಿಕೊಳ್ಳಲು. ಆಮೇಲೆ ನಿಧಾನವಾಗಿ ಬಲಗೈ ಎತ್ತಿ ಮೂಗು ಮುಟ್ಟಲು ಹೋದರು. ಬೆರಳು ನಡುಗುತ್ತ ಬಂದು, ಮೂಗನ್ನು ದಾಟಿ, ಕಿವಿಯ ಬಳಿ ನಿಂತಿತು.

“ನೋಡ್ದಾ? ಇಳಿಯೋ ಜಾಗ ದಾಟೋಯ್ತು” ಎಂದು ನಕ್ಕರು. “ಇಷ್ಟೇ ಅಮ್ಮಣ್ಣಿ. ಒಂದ್ ಸೀನು ಬರೋವಷ್ಟು ಒತ್ತು. ಅಷ್ಟು ಒತ್ತು ಅವ್ರತ್ರ ಇರ್ಲಿಲ್ಲ.”

“ಮತ್ತೆ ಅರ್ಜಿ ಹಾಕೋಣ, ಪಿಂಚಣಿ…”

“ಪಿಂಚಣಿ ಅಂಗಿರ್ಲಿ. ಕಡತದಾಗಿರೋ ಆ ಮಾತು ಒಡೆಸಾಕು. ನಾನು ಸತ್ಮ್ಯಾಕೆ ಕಾಗ್ದ ಇರ್ತದೆ. ನಾನಿರಲ್ಲ, ಇಲ್ಲ ಅನ್ನೋಕೆ.”

ಸೆಲ್ವಿಯಮ್ಮ ಒಲೆಯ ಕಡೆಗೆ ತಿರುಗಿಕೊಂಡರು. ನಾನು ಹೊರಡುವಾಗ ಕದಿರಪ್ಪ ಮಂಚದ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಮೂರು ಬಾರಿ ಬಡಿದರು. ಅಳತೆ ಹೆಚ್ಚುಕಡಿಮೆಯಾಗಿತ್ತು, ಎಣಿಕೆ ಸರಿಯಿತ್ತು. ನಾನು ಬಾಗಿಲ ಚೌಕಟ್ಟಿಗೆ ಮೂರು ಬಾರಿ ಬಡಿದು ಹೊರಗೆ ಬಂದೆ. ಅದೇ ಕೊನೆಯ ಭೇಟಿ. ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಬಂಗಾರಪೇಟೆಯ ತಿರುವಿನಲ್ಲಿ ತಗಡಿನ ಮಾಡು ಇನ್ನೂ ಇದೆ; ಅದರ ಕೆಳಗೆ ಈಗ ಮೊಬೈಲಿನ ಹೊದಿಕೆ ಮಾರುತ್ತಾರೆ.

ಆದ್ದರಿಂದ ಪ್ರಮಾಣಪತ್ರ ನೀಡುವ ಅಧಿಕಾರವುಳ್ಳವರಲ್ಲಿ ಈ ಬರಹದ ಮೂಲಕ, ಬಹಿರಂಗವಾಗಿ, ವಿನಂತಿಸುತ್ತೇನೆ. ದಿವಂಗತ ಕದಿರಪ್ಪನವರ ಕಡತದಿಂದ ‘ಮದ್ಯವ್ಯಸನಿ’ ಎಂಬ ಪದವನ್ನು ಹೊಡೆದುಹಾಕಿ, ಹಾಗೆ ಮಾಡಿದ್ದನ್ನು ಅವರ ಪತ್ನಿಗೆ ಲಿಖಿತವಾಗಿ ತಿಳಿಸಬೇಕು. ಆ ಶಿಬಿರದಲ್ಲಿ ಅದೇ ಪದ ಬರೆದು ಹಿಂದಿರುಗಿಸಿದ ಪ್ರತಿಯೊಬ್ಬರನ್ನೂ ನರರೋಗ ಬಲ್ಲ ವೈದ್ಯರು ಮತ್ತೆ ಪರೀಕ್ಷಿಸಬೇಕು: ನಡೆಸಿ, ಮೂಗು ಮುಟ್ಟಿಸಿ, ಕೈ ಸುಮ್ಮನಿದ್ದಾಗ ಏನಾಗುತ್ತದೆ, ಕೆಲಸಕ್ಕೆ ಹೋದಾಗ ಏನಾಗುತ್ತದೆ ಎಂದು ನೋಡಬೇಕು. ಪರೀಕ್ಷಿಸದೆ ಸಹಿ ಮಾಡಿದವರು ಏಕೆ ಪರೀಕ್ಷಿಸಲಿಲ್ಲ ಎಂಬುದಕ್ಕೆ ಕಾರಣ ಕೊಡಬೇಕು.

ನನ್ನ ಮೂರು ಮನವಿಗಳು ತಮ್ಮ ಕಚೇರಿಯಲ್ಲಿವೆ. ಮೂರು ಬಾರಿ ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆ ಎಂದರ್ಥ. ಮರುಗಂಟೆಗಾಗಿ ಕಾಯುತ್ತಿದ್ದೇವೆ, ದಯವಿಟ್ಟು ಉತ್ತರಿಸಿ.